ಸಕ್ಕರೆ ಸರದಲ್ಲಿ ಲ್ಯಾವೆಂಡರ್ ವಾಸನೆ

ನನಗೆ ಸಂಶಯ ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಬೀದರಿನಲ್ಲಿ ನನ್ನನ್ನು ಬಲ್ಲವರೆಲ್ಲ ಹೇಗೂ ಹೇಳುತ್ತಾರೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಔಷಧದ ಬಾಟಲಿಯ ಚೀಟಿಯನ್ನು ಮೂರು ಸಲ ಓದದೆ ಸೂಜಿಗೆ ಎಳೆದವಳಲ್ಲ. "ಗುಳಿಗಿ ತಗೊಂಡೀನ್ರಿ ಸಿಸ್ಟರ್" ಎಂದ ರೋಗಿಯ ದಿಂಬಿನ ಕೆಳಗೆ ಕೈ ಹಾಕಿ ಅದೇ ಗುಳಿಗೆಯನ್ನು ಹೊರಗೆ ತೆಗೆದವಳು. ಆಸ್ಪತ್ರೆಯಲ್ಲಿ ಈ ಗುಣವನ್ನು ಎಲ್ಲರೂ ಹೊಗಳಿದರು. ನಿವೃತ್ತಿಯಾದ ಮೇಲೆ ಅದನ್ನೇ ಇಟ್ಟುಕೊಂಡು ಮನೆಯಲ್ಲಿ ಕೂತರೆ, ಹಾಲಿನವನಿಂದ ಹಿಡಿದು ಪಾಸ್ಟರಮ್ಮನವರೆಗೆ ಯಾರಿಗೂ ನನ್ನ ಸಹವಾಸ ಬೇಡವಾಯಿತು.

ಹಾಗೆ ಕೂತಿದ್ದಾಗ ಹೈದರಾಬಾದಿನಲ್ಲಿರುವ ತಂಗಿಯ ಮಗಳು ಫೋನಿಗೆ ಒಂದು ವಿಡಿಯೋ ಕಳಿಸಿದಳು. ಯಾರೋ ಹೆಂಗಸು ಸಣ್ಣ ಸಣ್ಣ ಪ್ಲಾಸ್ಟಿಕ್ ಮಣಿಗಳನ್ನು ಸೆಂಟಿನಲ್ಲಿ ನೆನೆಹಾಕುತ್ತಾಳೆ, ಅಚ್ಚಿನಲ್ಲಿ ತುಂಬಿ ಓವನ್ನಿನಲ್ಲಿಟ್ಟು ಕರಗಿಸುತ್ತಾಳೆ, ಆರಿದ ಮೇಲೆ ದಾರ ಕಟ್ಟಿ ಕಾರಿನಲ್ಲೋ ಕಿಟಕಿಯಲ್ಲೋ ತೂಗುಬಿಡುತ್ತಾಳೆ. "ದೊಡ್ಡವ್ವಾ, ನಿಮ್ಮ ಚರ್ಚಿನ ಹೆಣ್ಮಕ್ಕಳ ಕ್ರಿಸ್‌ಮಸ್ ಮಾರಾಟಕ್ಕ ಇದು ಮಾಡ್ರಿ. ಗಿಡಕ್ಕ ಸಿಂಗಾರನೂ ಆಯ್ತು, ಮನಿ ಘಮಘಮನೂ ಆಯ್ತು" ಎಂದಳು. ಆ ಮಾರಾಟಕ್ಕೆ ಪ್ರತಿ ವರ್ಷ ನಾನು ಕರ್ಜಿಕಾಯಿ ಮಾಡುತ್ತಿದ್ದೆ. ಪ್ರತಿ ವರ್ಷ ಬೇರೆಯವರ ಡಬ್ಬಿ ಖಾಲಿಯಾದ ಮೇಲೆಯೇ ಜನ ನನ್ನ ಡಬ್ಬಿಯ ಕಡೆ ಬರುತ್ತಿದ್ದರು. ಸರಿ, ಮಾಡಿಯೇ ಬಿಡೋಣ ಅನ್ನಿಸಿತು.

ಮಣಿ ಮತ್ತು ಸೆಂಟಿನ ಎಣ್ಣೆ ಕೊರಿಯರಿನಲ್ಲಿ ಬಂದವು. ಪೊಟ್ಟಣ ತಂದವನ ಎದುರಿಗೇ ಬಿಚ್ಚಿ ನೋಡಿದೆ. ಮಣಿಗಳು ಥೇಟ್ ಸಾಬೂದಾಣಿ. ಯಾರೋ ಸಾಬೂದಾಣಿಯನ್ನೇ ತುಂಬಿ ಕಳಿಸಿರಬಹುದು ಎಂದು ಒಂದನ್ನು ಹಲ್ಲಿಗೆ ಕೊಟ್ಟು ನೋಡಿದೆ, ರಬ್ಬರಿನಂತೆ ಹಿಂದಕ್ಕೆ ಜಿಗಿಯಿತು. ಎಣ್ಣೆ ಲ್ಯಾವೆಂಡರಿನದು. ಅದರಲ್ಲಿ ನೀರು ಬೆರೆಸಿದ್ದಾರೇನೋ ಎಂದು ಕಾಗದದ ಮೇಲೆ ಎರಡು ಹನಿ ಬಿಟ್ಟು ಬಿಸಿಲಿಗೆ ಹಿಡಿದೆ. ಕೊರಿಯರಿನವನು ಹೆಲ್ಮೆಟ್ಟನ್ನೂ ತೆಗೆಯದೆ ನಿಂತಿದ್ದವನು, "ಅಮ್ಮಾ, ಏನಿದು, ಹೋಗ್ಲೇನ್ರಿ ನಾ?" ಎಂದ.

ಕೆಲಸ ನೋಡಲು ಸುಲಭ, ಮಾಡಲು ತಾಳ್ಮೆ ಬೇಕು. ಉಪ್ಪಿನಕಾಯಿಯ ಗಾಜಿನ ಭರಣಿಯಲ್ಲಿ ಮಣಿ ತುಂಬಿ, ಮೇಲೆ ಎಣ್ಣೆಯ ಜೊತೆ ನಾಲ್ಕು ಹನಿ ನೇರಳೆ ಬಣ್ಣ ಸುರಿದು, ಮುಚ್ಚಳ ಬಿಗಿದು ಬೆಳಿಗ್ಗೆ ಸಂಜೆ ಕುಲುಕಬೇಕು. ಮೊದಲ ದಿನ ಮಣಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಒದ್ದೆಮುದ್ದೆಯಾಗಿರುತ್ತವೆ. ವಾರ ಹತ್ತು ದಿನದಲ್ಲಿ ಎಣ್ಣೆಯನ್ನೆಲ್ಲ ಕುಡಿದು ಒಣ ಅಕ್ಕಿಯ ಹಾಗೆ ಭರಣಿಯೊಳಗೆ ಸರಸರ ಓಡಾಡುತ್ತವೆ. ಅಲ್ಲಿಯವರೆಗೆ ಕಾಯದೆ ಅವಸರ ಮಾಡಿದರೆ ಸಿಂಗಾರದ ಸಾಮಾನು ಕಿಟಕಿಯಲ್ಲಿ ತೂಗುತ್ತಲೇ ಎಣ್ಣೆ ಬೆವರುತ್ತದೆ. ನಾನು ಅವಸರ ಮಾಡಲಿಲ್ಲ. ಭರಣಿಗೆ ಗುರುತು ಹಾಕಿಟ್ಟೆ, ಯಾರಾದರೂ ನಾನಿಲ್ಲದಾಗ ಮುಚ್ಚಳ ತೆಗೆದರೆ ಗೊತ್ತಾಗಲಿ ಎಂದು. ಮನೆಯಲ್ಲಿ ಇರುವವಳು ನಾನೊಬ್ಬಳೇ.

ತೊಡಕು ಬಂದದ್ದು ಅಚ್ಚಿನಲ್ಲಿ. ಊರ ನಡುವಿನ ಚೌಬಾರಾ ಗೋಪುರದ ಸುತ್ತಮುತ್ತ ಪಾತ್ರೆ ಅಂಗಡಿಗಳನ್ನೆಲ್ಲ ಸುತ್ತಿದರೂ ಸಿಕ್ಕಿದ್ದು ಒಂದು ತಗಡಿನ ನಕ್ಷತ್ರ. ಅದೂ ಮೊದಲ ಸಲ ಓವನ್ನಿಗೆ ಹೋಗಿ ಬರುವಷ್ಟರಲ್ಲಿ ಸೊಟ್ಟಗಾಯಿತು. ಆಗ ನನಗೆ ಭಾಲ್ಕಿಯ ಗೆಳತಿಯ ಮನೆ ನೆನಪಾಯಿತು.

ಗೆಳತಿಯದು ಸಕ್ಕರೆ ಸರ ಮಾಡುವ ಮನೆತನ. ಹೋಳಿಗೂ ಯುಗಾದಿಗೂ ನಮ್ಮ ಕಡೆ ಮಕ್ಕಳ ಕೊರಳಿಗೆ ಹಾಕುವ, ಬೀಗರ ಮನೆಗೆ ಕಳಿಸುವ ಸಕ್ಕರೆಯ ಹಾರ ಅದು. ಅವಳ ಮಾವನ ಕಾಲದ ಸಾಗವಾನಿ ಹಲಗೆಗಳಲ್ಲಿ ಸಾಲಾಗಿ ಹೂವು, ಮಾವಿನಕಾಯಿ, ರೂಪಾಯಿ ಬಿಲ್ಲೆ ಕೊರೆದಿವೆ. ಸಾಲಿನ ನಡುವೆ ದಾರ ಹಾಸಿ ಮೇಲೆ ಕುದಿಯುವ ಪಾಕ ಸುರಿದರೆ, ಆರಿದ ಮೇಲೆ ದಾರದ ಸಮೇತ ಹಾರವೇ ಎದ್ದು ಬರುತ್ತದೆ. ಅದನ್ನು ಎಷ್ಟೋ ಸಲ ನೋಡಿದ್ದೆ. ನನ್ನ ಸಿಂಗಾರಕ್ಕೂ ತೂತು ಕೊರೆಯುವ ಕಷ್ಟವಿಲ್ಲ, ದಾರ ಹಾಸಿ ಮಣಿ ತುಂಬಿದರೆ ಮುಗಿಯಿತು ಎಂದು ಲೆಕ್ಕ ಹಾಕಿದೆ. ಯುಗಾದಿ ಮುಗಿದರೆ ಮುಂದಿನ ಹೋಳಿಯವರೆಗೆ ಆ ಹಲಗೆಗಳು ಅಟ್ಟದ ಮೇಲೆ ಸುಮ್ಮನೆ ಮಲಗಿರುತ್ತವೆ.

ಕೇಳಿದ ಕೂಡಲೇ ಕೊಟ್ಟಳು. "ನಿಮಗಿಲ್ಲದ್ದು ಮತ್ಯಾರಿಗ್ರಿ ಸಿಸ್ಟರಮ್ಮ?" ಎಂದಳು. ಅವಳ ಮಗನನ್ನು ಭೂಮಿಗೆ ತಂದವಳು ನಾನು. ಕಾಲು ಮುಂದಾಗಿ, ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡು ನೀಲಿಗಟ್ಟಿ ಬಂದ ಕೂಸು. ಡಾಕ್ಟರು ಬರುವುದರೊಳಗೆ ನಾನೇ ಬಿಡಿಸಿ, ಬೆನ್ನಿಗೆ ತಟ್ಟಿ ಅಳಿಸಿದ್ದೆ. ಆವತ್ತಿನಿಂದ ಆ ಮನೆಯಲ್ಲಿ ನನ್ನ ಮಾತೆಂದರೆ ಮಾತು. ಯಾರಿಗೆ ಜ್ವರ ಬಂದರೂ, ಯಾರ ಲಗ್ನ ನಿಂತರೂ ಮೊದಲು ನನಗೆ ಫೋನ್.

ಆ ಮಗನಿಗೆ ಅದೇ ಬೇಸಿಗೆಯಲ್ಲಿ ಲಗ್ನವಾಗಿತ್ತು. ಹುಡುಗಿ ಔರಾದ್ ತಾಲೂಕಿನ ಚಿಂತಾಕಿಯವಳು, ಕುರಿ ಸಾಕುವ ಒಕ್ಕಲು ಮನೆಯವಳು. ಅಚ್ಚು ಒಯ್ಯಲು ಹೋದಾಗ ಚಹಾ ತಂದುಕೊಟ್ಟು ಬಾಗಿಲ ಮರೆಯಲ್ಲಿ ನಿಂತಳು. ಮಾತಿಲ್ಲ, ನಗುವಿಲ್ಲ, ನೋಡುತ್ತಾಳೆ ಅಷ್ಟೆ. ಇಷ್ಟು ಸುಮ್ಮನಿರುವವಳ ಹೊಟ್ಟೆಯೊಳಗೆ ಏನಿದೆಯೋ ಎಂದು ನನಗೆ ಅವತ್ತೇ ಅನ್ನಿಸಿತು.

ವಿಡಿಯೋದ ಹೆಂಗಸು ಲೋಹದ ಇಲ್ಲವೇ ಸಿಲಿಕೋನ್ ಅಚ್ಚೇ ಬೇಕು ಎಂದು ಎರಡೆರಡು ಸಲ ಹೇಳಿದ್ದಳು. ಅವಳೇ ಅಚ್ಚು ಮಾರುವವಳಿರಬೇಕು, ಅದಕ್ಕೇ ಹಾಗೆ ಹೇಳುತ್ತಾಳೆ ಎಂದು ನಾನು ಸಂಶಯಪಟ್ಟೆ. ಹಲಗೆಗೆ ಕೊಬ್ಬರಿ ಎಣ್ಣೆ ಸವರಿ, ದಾರ ಹಾಸಿ, ಮಣಿಗಳನ್ನು ಸ್ವಲ್ಪ ಗೋಪುರವಾಗಿ ತುಂಬಿ, ಕೇಕಿನ ಓವನ್ನಿನಲ್ಲಿ ಸಣ್ಣ ಉರಿಗೆ ಇಟ್ಟೆ. ಮರ ಸುಟ್ಟುಹೋಗದಂತೆ ಮುಂದೆ ಸ್ಟೂಲ್ ಹಾಕಿಕೊಂಡು ಕಾವಲು ಕೂತೆ. ಕಾಲು ಗಂಟೆಯಲ್ಲಿ ಮಣಿಗಳ ಅಂಚು ಕರಗಿ ಒಂದನ್ನೊಂದು ಹಿಡಿದುಕೊಂಡವು, ಆದರೂ ಪ್ರತಿ ಕಾಳು ಬೇರೆಬೇರೆ ಕಾಣುತ್ತಿತ್ತು. ಆರಿಸಿ ತಿರುವಿ ಹಾಕಿದರೆ ಟಪ್ಪೆಂದು ಬಿತ್ತು ನೇರಳೆ ಬಣ್ಣದ ಮಾವಿನಕಾಯಿ! ಹಿಗ್ಗಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ಮನೆಯ ಗೋಡೆ, ಹಾಸಿಗೆ, ನನ್ನ ಸೀರೆ, ಅನ್ನ ಎಲ್ಲವೂ ಲ್ಯಾವೆಂಡರ್ ನಾರತೊಡಗಿ, ಎರಡು ವಾರದಲ್ಲಿ ನನಗೆ ಆ ವಾಸನೆ ಬರುವುದೇ ನಿಂತುಹೋಯಿತು. ಓಣಿಯವರು ಮಾತ್ರ ನನ್ನ ಮುಚ್ಚಿದ ಕಿಟಕಿಯನ್ನು ನೋಡುತ್ತ ಹೋಗುತ್ತಿದ್ದರು. ಒಬ್ಬಾಕೆ ಬಂದು, "ಸಿಸ್ಟರ್, ಒಳಗ ಯಾರಿಗರೆ ಆಪರೇಷನ್ ಮಾಡ್ಲಿಕತ್ತೀರೇನ್ರಿ?" ಎಂದೇ ಕೇಳಿದಳು.

ಮಾರಾಟದ ದಿನ ನನ್ನ ಮೇಜು ಎಲ್ಲರಿಗಿಂತ ಮೊದಲು ಖಾಲಿಯಾಯಿತು. ಆಟೋದವರು ಕನ್ನಡಿಗೆ ಕಟ್ಟಿಕೊಂಡರು, ಶಾಲೆಯ ಟೀಚರುಗಳು ಪರ್ಸಿನಲ್ಲಿಟ್ಟುಕೊಂಡರು. ಅಷ್ಟು ಖುಷಿಯಾಗಿ ನಾನು ಮನೆಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ.

ಕ್ರಿಸ್‌ಮಸ್ ಕಳೆದ ಮೇಲೆ ಹಲಗೆಗಳನ್ನು ಸೋಪಿನಲ್ಲಿ ತಿಕ್ಕಿ, ಒಣಗಿಸಿ, ಹಳೆ ಸೀರೆಯಲ್ಲಿ ಸುತ್ತಿ ಭಾಲ್ಕಿಗೆ ಒಯ್ದೆ. ಹೊಸ ಸೊಸೆಗೆಂದು ಒಂದು ಮಾವಿನಕಾಯಿ ಸಿಂಗಾರವನ್ನೂ ಒಯ್ದಿದ್ದೆ. ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಆಮೇಲೆ ಹಲಗೆಗಳನ್ನು ಒಳಗೆ ಒಯ್ಯುವಾಗ, ನಾನು ಕಂಡೆ, ಒಂದನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ತಿರುವಿ ಇನ್ನೊಂದು ಬದಿಯನ್ನೂ ಮೂಸಿದಳು. ನನ್ನನ್ನು ನೋಡಿ ತಟ್ಟನೆ ಕೆಳಗಿಳಿಸಿದಳು.

ನನಗೆ ಮೈಯೆಲ್ಲ ಉರಿಯಿತು. ಯಾಕೆಂದು ಹೇಳಬೇಕು. ತರಬೇತಿಯ ದಿನಗಳಲ್ಲಿ ಹಳ್ಳಿಗಳಿಗೆ ಬಾಣಂತಿಯರನ್ನು ನೋಡಲು ಹೋಗುತ್ತಿದ್ದೆವು. ನಾವು ಚರ್ಚಿನವರೆಂದು ಕೆಲವು ಮನೆಗಳಲ್ಲಿ ನಮಗೆ ಬೇರೆ ಲೋಟ ಇಡುತ್ತಿದ್ದರು. ನಾವು ಎದ್ದ ಮೇಲೆ ಕೂತ ಜಾಗಕ್ಕೆ ನೀರು ಹಾಕುತ್ತಿದ್ದರು. ಕೂಸು ಹಿಡಿಯಲು ನಮ್ಮ ಕೈ ಆಗುತ್ತಿತ್ತು, ಅವರ ನೀರು ಮುಟ್ಟಲು ಆಗುತ್ತಿರಲಿಲ್ಲ. ಆ ಗಾಯ ಆರಿದೆ ಅಂದುಕೊಂಡಿದ್ದೆ. ಈ ಹುಡುಗಿ ನನ್ನ ಮನೆಯಲ್ಲಿ ಇದ್ದು ಬಂದ ಹಲಗೆಯನ್ನು ಮೂಸಿದ್ದು ಅದಕ್ಕೇ ಎಂದು ನಿಶ್ಚಯ ಮಾಡಿಕೊಂಡೆ. ಒಂದು ವಾರದ ಮೇಲೆ ಗೆಳತಿ ಫೋನಿನಲ್ಲಿ ಅಭಿಮಾನದಿಂದಲೇ, "ನಮ್ಮ ಸೊಸಿ ಅಚ್ಚು ಮತ್ತೊಮ್ಮಿ ತೊಳದು ಮೂರು ದಿನ ಬಿಸಲಿಗಿ ಇಟ್ಟಾಳ್ರಿ, ಭಾಳ ಸ್ವಚ್ಛ ಅದಾಳ" ಎಂದಾಗ, ನನಗೆ ಇನ್ನೇನೂ ಪುರಾವೆ ಬೇಕಾಗಲಿಲ್ಲ. ತೊಳೆದು ಕೊಟ್ಟದ್ದನ್ನು ಮತ್ತೆ ತೊಳೆಯುವುದೆಂದರೆ ಏನರ್ಥ? ಗೆಳತಿಗೆ ಏನೂ ಹೇಳಲಿಲ್ಲ. ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಹೋಳಿ ಹಬ್ಬಕ್ಕೆ ನಾಲ್ಕು ದಿನ ಇದ್ದಾಗ ಫೋನ್ ಬಂತು. ಗೆಳತಿಯ ದನಿಯೇ ಬದಲಾಗಿತ್ತು. "ಸಿಸ್ಟರಮ್ಮ, ಸರದಾಗ ಏನೋ ವಾಸನಿ ಬರ್ಲಿಕತ್ತದ್ರಿ. ಒಯ್ದವ್ರೆಲ್ಲಾ ವಾಪಸ್ ತಂದು ಇಡ್ಲಿಕತ್ತಾರ. ಫಿನಾಯಿಲ್ ಹಾಕೀರೇನು ಅಂತ ಕೇಳ್ತಾರ. ಹುಡುಗ್ರು ಬಾಯಾಗ ಇಟ್ಟು ಉಗುಳ್ಲಿಕತ್ತಾವ." ಮೊದಲ ಹೋಳಿ ಹಬ್ಬಕ್ಕೆ ಸೊಸೆಯ ತವರಿಗೆ ಸರ ಕಳಿಸುವುದು ಅವರ ಮನೆಯ ರೂಢಿ. ಚಿಂತಾಕಿಗೆ ಹೋದ ಸರವೂ ಅದೇ ಆಗಿತ್ತು.

ಮಧ್ಯಾಹ್ನದ ಬಸ್ಸಿಗೆ ಹೋದೆ. ಕೆಲಸಕ್ಕೆ ಬಂದ ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೈಕಟ್ಟಿ ಕೂತಿದ್ದರು. ಒಂದು ಹೂವು ಮುರಿದು ಬಾಯಿಗೆ ಹಾಕಿಕೊಂಡೆ. ಲ್ಯಾವೆಂಡರ್. ನನ್ನದೇ. ನನ್ನ ಮೇಲೇ ಸಂಶಯ ಬಂತು, ಆದರೆ ಒಂದು ಕ್ಷಣ ಮಾತ್ರ. ಪಾಕ ಮಾಡುವ ಕೋಣೆಗೆ ಹೋಗಿ ನೋಡಿದರೆ, ಕಿಟಕಿಯ ಮೊಳೆಯಲ್ಲಿ ನಾನು ಕೊಟ್ಟ ನೇರಳೆ ಮಾವಿನಕಾಯಿ ತೂಗುತ್ತಿದೆ, ಅದರ ಕೆಳಗೇ ಸಕ್ಕರೆಯ ಚೀಲ.

"ಇದು ಇಲ್ಲಿ ಯಾರು ಕಟ್ಟಿದ್ರು?"

"ನಾ ರಿ," ಎಂದಳು ಹುಡುಗಿ. "ಛಲೋ ಕಾಣ್ತದ ಅಂತ."

ಆಮೇಲೆ ನಾನು ಏನೆಲ್ಲ ಅಂದೆನೋ ಅದನ್ನು ಪೂರ್ತಿ ಬರೆಯಲು ಈಗಲೂ ನಾಚಿಕೆಯಾಗುತ್ತದೆ. ವಾರ್ಡಿನ ಈ ತುದಿಯಿಂದ ಆ ತುದಿಗೆ ಕೇಳಿಸುವ ಗಂಟಲು ನನ್ನದು. "ಸಕ್ಕರಿ ಮ್ಯಾಲ ಸೆಂಟ್ ಕಟ್ಟೋ ಬುದ್ಧಿ ಯಾರು ಕೊಟ್ರು ನಿನಗ? ಅದನ್ನ ಮುಟ್ಟಿದ ಕೈಲೇ ಪಾಕ ಮುಟ್ಟೀದಿ. ಮಂದಿ ಮನಿಯಿಂದ ಬಂದದ್ದು ಮೂಸಿ ನೋಡ್ಲಿಕ್ಕ ಬರ್ತದ, ತೊಳದು ತೊಳದು ಇಡ್ಲಿಕ್ಕ ಬರ್ತದ, ಮನಿ ದಂಧೆ ಉಳಸ್ಲಿಕ್ಕ ಬರೂದಿಲ್ಲ. ಈ ಮನಿ ಹೆಸರು ಒಂದ ವರ್ಷದಾಗ ಮುಳುಗಿಸಿದಿ" ಎಂದೆ. ಓಣಿಯ ಬಾಗಿಲುಗಳಲ್ಲಿ ಜನ ನಿಂತರು. ನಿಲ್ಲಲಿ ಎಂದೇ ಜೋರಾಗಿ ಹೇಳಿದೆ.

"ನಾ ಅಲ್ರಿ," ಎಂದಳು ಅವಳು, ಒಂದೇ ಸಲ. ಗೋಡೆಗೆ ಒರಗಿಸಿಟ್ಟ ಹಲಗೆಗಳ ಕಡೆ ನೋಡಿದಳು, ಆಮೇಲೆ ನನ್ನ ಕಡೆ. ಅವಳ ಗಂಡ, ನಾನು ಬೆನ್ನಿಗೆ ತಟ್ಟಿ ಅಳಿಸಿದ ಆ ಕೂಸು, ತಲೆ ತಗ್ಗಿಸಿ ನಿಂತಿದ್ದ. ನನ್ನೆದುರು ಆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಮರುದಿನ ಚಿಂತಾಕಿಯಿಂದ ಹುಡುಗಿಯ ಅಣ್ಣ ಬಂದು ಅವಳನ್ನು ಕರೆದುಕೊಂಡು ಹೋದ. ಯುಗಾದಿ ಕಳೆದ ಮೇಲೆ ನೋಡೋಣ ಎಂದು ಗೆಳತಿ ಹೇಳಿ ಕಳಿಸಿದಳಂತೆ. ಓಣಿಯಲ್ಲಿ ಮಾತು ಬೇರೆಯೇ ಬೆಳೆದಿತ್ತು. ಸಕ್ಕರೆಯ ಮನೆಗೆ ಬಂದು ಮೊದಲ ಹೋಳಿ ಹಬ್ಬಕ್ಕೇ ಸಕ್ಕರೆ ಕೆಡಿಸಿದ ಕೈ ಎಂದು. ಅಂಥವಳನ್ನು ತಿರುಗಿ ಕರೆಸುತ್ತಾರೋ ಇಲ್ಲವೋ ಎಂದು ಬೀದರಿನವರೆಗೆ ಸುದ್ದಿ ಬಂತು. ನನಗೆ ಪಾಪ ಅನ್ನಿಸಲಿಲ್ಲ. ಸರಿಯಾದ ರೋಗ ಹಿಡಿದೆ ಎಂಬ ಸಮಾಧಾನವೇ ಇತ್ತು.

ಯುಗಾದಿಗೆ ಹತ್ತು ದಿನವಿದ್ದಾಗ ಮತ್ತೆ ಫೋನ್. "ಮತ್ತ ಅದ ವಾಸನಿ ರಿ, ಸಿಸ್ಟರಮ್ಮ. ಕೋಣಿ ತೊಳದೀವಿ, ಸುಣ್ಣ ಹಚ್ಚೀವಿ. ನೀವು ಕೊಟ್ಟ ಸಿಂಗಾರ ಅವತ್ತೇ ತಗದು ಹೊರಗ ಒಗದೀವಿ. ಆಕಿನೂ ಇಲ್ಲ."

ಆಕಿನೂ ಇಲ್ಲ ಎಂಬ ಮಾತು ನನ್ನನ್ನು ಚುಚ್ಚಿತು. ಆದರೂ ನನ್ನ ತಲೆ ಮೊದಲು ಓಡಿದ್ದು ಸಕ್ಕರೆ ಅಂಗಡಿಯವನ ಕಡೆಗೆ. ಅವನು ಸೋಪಿನ ಪೆಟ್ಟಿಗೆಗಳ ಜೊತೆ ಚೀಲ ಇಟ್ಟಿರಬಹುದು. ಆಮೇಲೆ ದಾರದವನು. ಆಮೇಲೆ ನೀರಿನ ಟ್ಯಾಂಕರು. ಕೊನೆಗೆ, ಇದನ್ನೂ ಹೇಳಿಬಿಡುತ್ತೇನೆ, ಆ ಹುಡುಗಿಯೇ ಹೋಗುವಾಗ ಸೇಡಿಗೆ ಏನಾದರೂ ಬಚ್ಚಿಟ್ಟು ಹೋಗಿರಬಹುದು ಎಂದೂ ಯೋಚಿಸಿದೆ.

ಹೋಗಿ ಪರೀಕ್ಷೆ ಶುರುಮಾಡಿದೆ. ಹಿತ್ತಲಿನ ಬಚ್ಚಲ ಮುಂದೆ ಒಲೆ ಹೂಡಿಸಿ, ನೀರು ಕುದಿಸಿ, ಸಾಲಾಗಿ ಸ್ಟೀಲ್ ಬಟ್ಟಲು ಇಟ್ಟೆ. ಒಂದರಲ್ಲಿ ಸಕ್ಕರೆ, ಒಂದರಲ್ಲಿ ದಾರ, ಒಂದರಲ್ಲಿ ಬರೀ ನೀರು. ಆವಿ ಮೂಸಿದರೆ ಏನೂ ಇಲ್ಲ. ಉಳಿದದ್ದು ಹಲಗೆ. ಪಾಕ ಸುರಿಯುವ ಮೊದಲು ಅವರು ಹಲಗೆಯನ್ನು ತಾಸುಗಟ್ಟಲೆ ನೀರಲ್ಲಿ ನೆನೆಸುತ್ತಾರೆ, ಸಕ್ಕರೆ ಅಂಟಬಾರದೆಂದು. ನೆನೆದ ಹಲಗೆಯೊಂದನ್ನು ಎತ್ತಿ ಮೇಲೆ ಕುದಿಯುವ ನೀರು ಸುರಿದೆ. ಬಂತು. ಮುಖಕ್ಕೆ ರಾಚುವಂತೆ ಬಂತು, ನನ್ನ ಮನೆ, ನನ್ನ ಹಾಸಿಗೆ, ನನ್ನ ಸೀರೆ. ಒಣಗಿದಾಗ ಸುಮ್ಮನಿದ್ದ ಮರ ಬಿಸಿ ತಾಗಿದ ಕೂಡಲೇ ಎಲ್ಲವನ್ನೂ ಬಿಟ್ಟುಕೊಡುತ್ತಿತ್ತು. ಓವನ್ನಿನಲ್ಲಿ ಮಣಿ ಕರಗುವಾಗೆಲ್ಲ ಸಾಗವಾನಿಯ ನರನರಗಳಿಗೆ ನಾನೇ ಎಣ್ಣೆ ಕುಡಿಸಿದ್ದೆ. ಇನ್ನು ಯಾವ ಸೋಪಿಗೂ ಯಾವ ಬಿಸಿಲಿಗೂ ಅದು ಹೋಗುವ ಹಾಗಿರಲಿಲ್ಲ.

ಗೆಳತಿ ಒಳಗಿನಿಂದ ಬಂದು, "ಏನ್ ಗೊತ್ತಾಯ್ತ್ರಿ?" ಎಂದಳು.

"ಮರ ಹಳೇದಾಗ್ಯದ," ಎಂದೆ. "ಹಳಿ ಮರ ಹಿಂಗೇ ನಾರ್ತದ. ಬ್ಯಾರೆ ಮಾಡಿಸ್ರಿ."

ಅವಳು ನಂಬಿದಳು. ನಾನು ಹೇಳಿದ್ದನ್ನು ಅವಳು ಯಾವತ್ತೂ ನಂಬುತ್ತಾಳೆ.

ಮೂರು ದಿನ ಬೀದರಿನಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವಂತಿರಲಿಲ್ಲ. ಹೊಸ ಹಲಗೆ ಬರುತ್ತದೆ, ವಾಸನೆ ಹೋಗುತ್ತದೆ, ಸೊಸೆ ಮನೆಯಲ್ಲಿ ಇಲ್ಲದ್ದಕ್ಕೇ ಸಕ್ಕರೆ ಸುಧಾರಿಸಿತು ಎಂದು ಓಣಿ ಹೇಳುತ್ತದೆ. ಆ ಕೊನೆಯ ಮಾತು ಮಾತ್ರ ನನ್ನನ್ನು ಮಲಗಗೊಡಲಿಲ್ಲ. ಹೊಸ ಹಲಗೆಯಲ್ಲಿ ಚೊಕ್ಕ ಸರ ಎದ್ದು ಬಂದ ದಿನವೇ ಆ ಹುಡುಗಿಯ ಮೇಲಿನ ಅಪವಾದ ಖಾಯಂ ಆಗುತ್ತದೆ. ಅವಳು ಆ ಮನೆಗೆ ತಿರುಗಿ ಬರುವುದು ನನ್ನ ಬಾಯಿಯೊಂದರ ಮೇಲೆ ನಿಂತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಔರಾದ್ ಬಸ್ ಹತ್ತಿದೆ. ಸಂತಪುರದಲ್ಲಿ ಅರ್ಧ ಬಸ್ ಇಳಿಯಿತು, ನಾನೂ ಇಳಿದು ವಾಪಸ್ ಹೋಗಿಬಿಡಲೇ ಅನ್ನಿಸಿತು. ಇಳಿಯಲಿಲ್ಲ. ಔರಾದಿನಿಂದ ಟಂಟಂ ಆಟೋ ಹಿಡಿದು ಚಿಂತಾಕಿ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಅವಳ ತಾಯಿ ನನ್ನನ್ನು ನೋಡಿ ಕೂರಲು ಹೊರಸಿನ ಮಂಚ ಹಾಕಿ, ತಂಬಿಗೆಯಲ್ಲಿ ನೀರು ತಂದು ಕೊಟ್ಟಳು. ಅವರು ಕುಡಿಯುವ ತಂಬಿಗೆಯೇ. ನಾನು ಅದನ್ನೂ ಗಮನಿಸಿದೆ, ನನ್ನ ಬುದ್ಧಿಯೇ ಅಂಥದ್ದು.

ಹುಡುಗಿ ಹಿಂದಿನ ದೊಡ್ಡಿಯಲ್ಲಿ ಕುರಿಮರಿಯೊಂದನ್ನು ಎತ್ತಿಕೊಂಡು ಅದರ ನೆತ್ತಿ ಮೂಸುತ್ತಿದ್ದಳು. "ಮರಿ ಯಾವ ತಾಯೀದು ಅಂತ ಮೂಸೇ ಹೇಳ್ತಾಳ್ರಿ ಆಕಿ," ಎಂದಳು ತಾಯಿ. "ಸಣ್ಣಾಕಿ ಇದ್ದಾಗಿಂದೂ ಹಂಗೇ. ಉಣ್ಣೂದು, ಉಡೂದು, ಏನ್ ಕೈಗಿ ಬಂದ್ರೂ ಮೊದಲ ಮೂಗಿಗಿ ಹಿಡೀತಾಳ." ತಂಬಿಗೆ ಕೆಳಗಿಟ್ಟೆ. ಕೂತ ಜಾಗಕ್ಕೆ ನೀರು ಹಾಕಿದವರ ಲೆಕ್ಕವನ್ನೆಲ್ಲ ತಂದು ಈ ಹುಡುಗಿಯ ಮೂಗಿನ ಮೇಲೆ ಹಾಕಿದ್ದೆ.

ಅವಳ ಹತ್ತಿರ ಹೋಗಿ ನಿಂತೆ. "ವಾಸನಿ ಅಚ್ಚಿಂದು. ನನ್ನ ಕೈಲೇ ಆಗಿದ್ದು," ಎಂದೆ.

"ಗೊತ್ತದ್ರಿ," ಎಂದಳು.

"ಯಾವಾಗಿಂದ?"

"ನೀವು ತಂದುಕೊಟ್ಟ ದಿನದಿಂದ್ರಿ."

"ಮತ್ತ ನಿಮ್ಮ ಅತ್ತಿ ಮುಂದ ಹೇಳಲಿಲ್ಲ ಯಾಕ?"

ಅವಳು ಮರಿಯನ್ನು ಕೆಳಗೆ ಬಿಟ್ಟಳು. "ಹೊಸದಾಗಿ ಬಂದಾಕಿ ನಾ. ನಮ್ಮ ಅತ್ತಿಯವ್ರಿಗಿ ನೀವಂದ್ರ ಭಾಳ ಪ್ರೀತಿ. ಬಂದ ವರ್ಷದಾಗೇ ನಿಮ್ಮ ಮ್ಯಾಲ ಹೇಳೂದು ಛಲೋ ಕಾಣ್ಲಿಲ್ಲ. ತೊಳದು ಬಿಸಲಿಗಿ ಇಟ್ರ ಹೋಗ್ತದ, ಯಾರಿಗೂ ಗೊತ್ತಾಗೂದಿಲ್ಲ ಅಂದ್ಕೊಂಡೆ. ಸೋಡಾ ಹಾಕಿ ತೊಳದೆ, ಬೇವಿನ ತಪ್ಪಲ ಹಾಕಿ ತೊಳದೆ. ಹೋಗ್ಲಿಲ್ರಿ."

ಮೂರು ದಿನದ ಆ ಬಿಸಿಲು ನನ್ನ ಮಾನ ಉಳಿಸಲಿಕ್ಕೆ ಎಂದು ಆಗ ಗೊತ್ತಾಯಿತು. "ಅವತ್ತ ನಾ ಬೈಲಿಕತ್ತಾಗರೆ ಹೇಳಬೇಕಿತ್ತಲ್ಲವ್ವಾ," ಎಂದೆ.

"ಹೇಳಿದ್ರ ಕೇಳ್ತಿದ್ರೇನ್ರಿ ನೀವು?"

ಫೋನ್ ತೆಗೆದು, ಈಗಲೇ ನಿಮ್ಮ ಅತ್ತೆಗೆ ಹೇಳುತ್ತೇನೆ ಎಂದೆ. ಅವಳು ತಲೆ ಅಲ್ಲಾಡಿಸಿದಳು.

"ಫೋನಿನಾಗ ಬೈದಿದ್ದಿಲ್ಲ ನೀವು. ನಾನೂ ಬರ್ತೇನಿ, ನಡೀರಿ."

ಇಬ್ಬರೂ ಔರಾದಿಗೆ ಬಂದು ಭಾಲ್ಕಿ ಬಸ್ ಹತ್ತಿದೆವು. ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ, ನಾನು ಅವಳ ಕೈಚೀಲದ ಕಡೆ ನೋಡುತ್ತ ಕೂತೆವು. ಅಷ್ಟೇ ಸಣ್ಣ ಚೀಲ. ತಿರುಗಿ ಹೋಗಬೇಕಾಗಬಹುದು ಎಂದು ಯೋಚಿಸಿಯೇ ತುಂಬಿಕೊಂಡ ಹಾಗಿತ್ತು.

ಗೆಳತಿ ಪಡಸಾಲೆಯಲ್ಲಿ ಕೂತು ದಾರ ಬಿಡಿಸುತ್ತಿದ್ದಳು. ಮಗನೂ ಮನೆಯಲ್ಲೇ ಇದ್ದ. ಹುಡುಗಿ ಹೊಸ್ತಿಲ ಹೊರಗೆ ಚಪ್ಪಲಿ ಮೆಟ್ಟಿಕೊಂಡೇ ನಿಂತಳು. ನಾನು ಒಳಗೆ ಹೋಗಿ ಗೆಳತಿಯ ಪಕ್ಕದಲ್ಲಿ ಕೂತು, ಕೈ ಹಿಡಿದು, ಮೆಲ್ಲಗೆ ಎಲ್ಲ ಹೇಳಿದೆ. ಮಣಿ, ಓವನ್ನು, ಎಣ್ಣೆ ಕುಡಿದ ಮರ, ಹುಡುಗಿ ಮೂರು ದಿನ ತೊಳೆದದ್ದು.

ಗೆಳತಿ ಕೈ ಬಿಡಿಸಿಕೊಂಡಳು. "ಅವತ್ತ ಬಚ್ಚಲ ಮುಂದ ನಿಂತು ಮರ ಹಳೇದಾಗ್ಯದ ಅಂದ್ರಲ್ರಿ?"

"ಸುಳ್ಳು ಹೇಳಿದೆ."

"ನಮ್ಮ ಮಾವ ಕೈಲೇ ಕೊರದ ಅಚ್ಚು ರಿ ಅವು," ಎಂದಳು. ಅಷ್ಟೇ ಅಂದಳು. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡದೆ ಮಾತಾಡಿದಳು. ಎದ್ದು ಬಾಗಿಲಿಗೆ ಹೋಗಿ, "ಬಾ ಯವ್ವಾ, ಒಳಗ ಬಾ," ಎಂದು ಸೊಸೆಯನ್ನು ಕರೆದಳು. ಮಗನೂ ಎದ್ದು ಬಂದು ಚೀಲಕ್ಕೆ ಕೈ ಚಾಚಿದ.

ಹುಡುಗಿ ಚೀಲ ಕೊಡಲಿಲ್ಲ, ಒಳಗೂ ಬರಲಿಲ್ಲ. ಅತ್ತೆಯ ಹೆಗಲ ಮೇಲಿಂದ ನನ್ನನ್ನೇ ನೋಡಿದಳು.

"ಸಿಸ್ಟರಮ್ಮ, ಅವತ್ತ ಅಂದಷ್ಟೇ ಜೋರಾಗಿ ಹೇಳ್ರಿ."

ಎದ್ದು ಹೊರಗೆ ಬಂದೆ. ಕಟ್ಟೆಯ ಮೇಲೆ ನಿಂತೆ. ವಾರ್ಡಿನ ಆ ಗಂಟಲನ್ನೇ ತೆಗೆದೆ. "ಸಕ್ಕರಿ ಕೆಡಿಸಿದಾಕಿ ನಾನು!" ಎಂದು ಕೂಗಿದೆ. "ಈ ಹುಡುಗಿ ಅಲ್ಲ, ನಾನು! ಇವರ ಅಚ್ಚು ಒಯ್ದು ನಾ ಹಾಳುಮಾಡೀನಿ, ಆಕಿ ಮ್ಯಾಲ ಹಾಕೀನಿ, ಮತ್ತ ಸುಳ್ಳೂ ಹೇಳೀನಿ!" ಎದುರು ಮನೆಯ ಬಾಗಿಲು ತೆರೆಯಿತು. ಆಮೇಲೆ ಅದರ ಪಕ್ಕದ್ದು. ಹುಡುಗಿ ಓಣಿಯ ತುದಿಯ ಕಡೆ ನೋಡುತ್ತ ನಿಂತೇ ಇದ್ದಳು. ನಾನು ಮತ್ತೊಮ್ಮೆ ಕೂಗಿದೆ, ಇನ್ನೊಮ್ಮೆ ಕೂಗಿದೆ. ತುದಿಯ ಮನೆಯ ಬಾಗಿಲು ತೆರೆದು ಅಲ್ಲಿಯ ಮುದುಕಿ ಹೊರಗೆ ಬಂದ ಮೇಲೆ ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಹೋದಳು.